ಪ್ಯಾರಿಸ್ಸಿಗೆ ವಿಮಾನ ಯಾಕ್ರೀ?

ನಮ್ಮ ಮುಂಬಯಿ ಕನ್ನಡಿಗರಲ್ಲಿ ಮಗಳೋ ಮಗನೋ ಲಂಡನ್ನಿನಲ್ಲಿರುವ ಮನೆಗಳು ಈಗ ಸಾಕಷ್ಟಿವೆ. ಅಲ್ಲಿಗೆ ಹೋದವರೆಲ್ಲ "ಇಷ್ಟು ದೂರ ಬಂದಿದೀವಿ, ಪ್ಯಾರಿಸ್ಸೂ ನೋಡ್ಕೊಂಡು ಬರೋಣ" ಅಂತ ಹೊರಡ್ತಾರೆ. ಒಳ್ಳೇದು, ಖಂಡಿತ ಹೋಗಿ. ಆದರೆ ಹೋಗಿ ಬಂದವರನ್ನು ಹೇಗೆ ಹೋದಿರಿ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಫ್ಲೈಟಲ್ಲಿ ರೀ, ಸಕತ್ ಚೀಪ್ ಇತ್ತು!"

ಈ "ಚೀಪ್" ಅನ್ನೋ ಮಾತಿನ ಮೇಲೆ ನನಗೆ ಜಗಳ ಇದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಲೆಕ್ಕ ನೋಡಿದವನು ನಾನು. ನಾನೇ ಈ ಲೆಕ್ಕದಲ್ಲಿ ತಪ್ಪಿ ಬಿದ್ದಿದ್ದೇನೆ, ಆದ್ದರಿಂದ ಹೇಳುವ ಹಕ್ಕೂ ಇದೆ ಅಂದುಕೊಂಡಿದ್ದೇನೆ.

2025ರ ಮೇ ತಿಂಗಳು. ಮಗಳ ಮನೆ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ. ಅಳಿಯಂದಿರು ಪ್ರೀತಿಯಿಂದ ಪ್ಯಾರಿಸ್ ಟಿಕೆಟ್ ಮಾಡಿಸಿದರು. ವಿಮಾನಕ್ಕೆ ತಲಾ 38 ಪೌಂಡ್. ಅದೇ ದಿನದ ರೈಲಿಗೆ ತಲಾ 89 ಇತ್ತು. "ಅರ್ಧಕ್ಕಿಂತ ಕಡಿಮೆ ಮಾವ!" ಅಂದರು. ಅಳಿಯಂದಿರಿಗೆ ಎದುರಾಡೋದು ಹೇಗೆ? ನಾನೂ ಖುಷಿಯಿಂದಲೇ ತಲೆಯಾಡಿಸಿದೆ.

ಈಗ ನಿಜವಾದ ಲೆಕ್ಕ ನೋಡಿ. ಇಬ್ಬರಿಗೆ ಟಿಕೆಟ್ 76 ಪೌಂಡ್. ಎರಡು ಪೆಟ್ಟಿಗೆಗೆ ಬೇರೆ ಚಾರ್ಜು 64. ವಿಮಾನ ನಿಲ್ದಾಣ ಊರಾಚೆ, ಬೆಳಗಿನ ಜಾವ ನಾಲ್ಕಕ್ಕೆ ಟ್ಯಾಕ್ಸಿ ಬಿಟ್ಟರೆ ಗತಿಯಿಲ್ಲ, ಅದಕ್ಕೆ 70. ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣ ಊರಿನ ಮಧ್ಯದಿಂದ ಸುಮಾರು 25 ಕಿ.ಮೀ. ದೂರ. ಅಲ್ಲಿಂದ ಊರೊಳಕ್ಕೆ ಲೋಕಲ್ ರೈಲಿಗೆ ತಲಾ 13 ಯೂರೋ, ಅಂದರೆ ಇಬ್ಬರಿಗೆ ಸುಮಾರು 22 ಪೌಂಡ್. ಕೂಡಿಸಿ: 232. ರೈಲಿನಲ್ಲಿ ಹೋಗಿದ್ದರೆ? ಟಿಕೆಟ್ 178. ಮನೆ ಹತ್ತಿರದಿಂದ ಟ್ಯೂಬ್ ಹತ್ತಿ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿಗೆ ಹೋಗುವ ಖರ್ಚು ಸೇರಿಸಿದರೂ 190 ದಾಟುತ್ತಿರಲಿಲ್ಲ. ಎಲ್ಲಿ ಹೋಯ್ತು ಉಳಿತಾಯ?

ಇನ್ನು ಸಮಯ. "ವಿಮಾನ ಒಂದೂಕಾಲು ಗಂಟೆ, ರೈಲು ಎರಡು ಗಂಟೆ ಇಪ್ಪತ್ತು ನಿಮಿಷ" ಅಂತ ವಾದ ಮಾಡ್ತಾರೆ. ಸರಿ ಸ್ವಾಮಿ, ಆಕಾಶದಲ್ಲಿ ಒಂದೂಕಾಲು ಗಂಟೆ. ನೆಲದ ಮೇಲೆ? ನಾವು ನಾಲ್ಕಕ್ಕೆ ಮನೆ ಬಿಟ್ಟೆವು. ಸೆಕ್ಯುರಿಟಿ, ಗೇಟು, ಕ್ಯೂ, ಅಲ್ಲಿಳಿದ ಮೇಲೆ ಮತ್ತೆ ಪಾಸ್‌ಪೋರ್ಟ್ ಕ್ಯೂ. ಪ್ಯಾರಿಸ್ಸಿನ ಗಾರ್ ದ್ಯು ನಾರ್ ಸ್ಟೇಷನ್ ಮುಟ್ಟಿದಾಗ ಲಂಡನ್ ಗಡಿಯಾರದಲ್ಲಿ ಹತ್ತು ನಲವತ್ತು. ಒಟ್ಟು ಆರು ಗಂಟೆ ನಲವತ್ತು ನಿಮಿಷ! ತಮಾಷೆ ಅಂದರೆ ರೈಲು ನಿಲ್ಲುವುದೂ ಅದೇ ಸ್ಟೇಷನ್ನಿನಲ್ಲಿ. ಟ್ಯೂಬಿಗೆ ನಲವತ್ತು ನಿಮಿಷ, ತಪಾಸಣೆಗೆ ಒಂದೂವರೆ ಗಂಟೆ ಮುಂಚೆ ಹೋಗಿ ಕೂತರೂ ನಾಲ್ಕೂವರೆ ಗಂಟೆಯ ಕೆಲಸ. ಆರು ಗಂಟೆಗೆ ಮನೆ ಬಿಟ್ಟಿದ್ದರೆ ಸಾಕಿತ್ತು.

ಆ ನಿದ್ದೆಗೆಟ್ಟ ಎರಡು ಗಂಟೆಯ ಬೆಲೆ ಹೇಳ್ತೀನಿ ಕೇಳಿ. ನಮ್ಮಾಕೆಗೆ ಮಂಡಿ ನೋವು. ವಿಮಾನ ನಿಲ್ದಾಣಗಳ ಉದ್ದುದ್ದ ಹಾದಿ ನಡೆದು, ನಿಂತು, ಹೋಟೆಲ್ ಸೇರುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು. ಅದು ಸೋಮವಾರ. ಮಧ್ಯಾಹ್ನ ಮೂರಕ್ಕೆ ಲೂವ್ರ್ ಮ್ಯೂಸಿಯಂಗೆ ಟಿಕೆಟ್ ಇತ್ತು, ಹೋಗಲಾಗಲಿಲ್ಲ. ನಾಳೆ ಹೋಗೋಣ ಅಂದರೆ ಲೂವ್ರ್‌ಗೆ ಮಂಗಳವಾರ ರಜ. ಬುಧವಾರ ಬೆಳಗ್ಗೆ ವಾಪಸ್. ಮದುವೆಯಾದ ಹೊಸದರಲ್ಲಿ ಕ್ಯಾಲೆಂಡರಿನಲ್ಲಿ ಮೊನಾಲಿಸಾ ಚಿತ್ರ ನೋಡಿ "ಇದನ್ನ ಒಮ್ಮೆ ತೋರಿಸಿ" ಅಂದಿದ್ದವಳು, ಮ್ಯೂಸಿಯಂಗೆ ಎರಡು ಮೆಟ್ರೋ ಸ್ಟೇಷನ್ ದೂರದ ಕೋಣೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮುಂಬಯಿಯಿಂದ ಪುಣೆಗೆ ವಿಮಾನದಲ್ಲಿ ಹೋಗ್ತೀರಾ ಅಂತ ಯಾರಾದರೂ ಕೇಳಿದರೆ ನಾವು ನಗ್ತೀವಿ. 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಇರುವಾಗ ಯಾವ ಹುಚ್ಚ ಅಷ್ಟು ಹತ್ತಿರಕ್ಕೆ ಹಾರುತ್ತಾನೆ? ಇಲ್ಲಿ ಇರುವ ಈ ಬುದ್ಧಿ ಲಂಡನ್ನಿನಲ್ಲಿ ಎಲ್ಲಿಗೆ ಹೋಗುತ್ತೆ? 1994ರಲ್ಲಿ ಸಮುದ್ರದಡಿ ಸುರಂಗ ತೆರೆದಿದ್ದಾರೆ. ಒಟ್ಟು 50 ಕಿ.ಮೀ., ಅದರಲ್ಲಿ 38 ಕಿ.ಮೀ. ಕಡಲಿನ ಕೆಳಗೆ. ಫ್ರಾನ್ಸಿನ ಪಾಸ್‌ಪೋರ್ಟ್ ಪೊಲೀಸರೂ ಲಂಡನ್ ಸ್ಟೇಷನ್ನಿನಲ್ಲೇ ಕೂತು ತಪಾಸಣೆ ಕೆಲಸ ಮುಗಿಸ್ತಾರೆ. ಪ್ಯಾರಿಸ್ಸಿನಲ್ಲಿ ಇಳಿದು ನೇರ ನಡೆದು ಹೊರಗೆ ಹೋಗೋದಷ್ಟೇ. ಮಾಮೂಲಿ ಟಿಕೆಟ್ಟಿನಲ್ಲೇ ಎರಡು ಪೆಟ್ಟಿಗೆ ಬಿಡ್ತಾರೆ.

ಹಾಗಾದರೆ ವಿಮಾನದ ಟಿಕೆಟ್ ಅಷ್ಟು ಅಗ್ಗ ಹೇಗೆ? ಇದನ್ನೂ ಯೋಚಿಸಬೇಕು. ದೇಶದಿಂದ ದೇಶಕ್ಕೆ ಹಾರುವ ವಿಮಾನದ ಇಂಧನಕ್ಕೆ ತೆರಿಗೆ ಹಾಕದಿರುವುದು 1944ರ ಶಿಕಾಗೋ ಒಪ್ಪಂದದ ಕಾಲದಿಂದ ಬಂದ ರೂಢಿ. ಬ್ರಿಟನ್ನಿನಲ್ಲಿ ಪ್ರಯಾಣಿಕರ ಮೇಲೆ ಸುಂಕ ಇದೆ, ನಿಜ. ಆದರೆ ಸುರಂಗ ದಾಟುವ ರೈಲು ಪ್ರತಿ ಸಲ ಸುರಂಗದ ಬಾಡಿಗೆ ಕಟ್ಟಬೇಕು. ಫ್ರಾನ್ಸ್ 2023ರಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಊರುಗಳಿಗೆ ದೇಶದೊಳಗಿನ ವಿಮಾನ ಬೇಡ ಅಂತ ನಿಯಮ ಜಾರಿಗೆ ತಂದಿತು. ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಿಂದ ಲಿಯೋನ್, ನಾಂತ್, ಬೋರ್ಡೋಗಳಿಗೆ ವಿಮಾನ ನಿಂತವು. ಲಂಡನ್ ರೈಲೂ ಎರಡೂವರೆ ಗಂಟೆಯೊಳಗೇ ಬರುತ್ತೆ, ಆದರೆ ಅದು ಪರದೇಶ, ನಿಯಮ ಅನ್ವಯಿಸಲ್ಲ. ಸರ್ಕಾರ ಹೇಳಲಿ ಅಂತ ನಾವು ಕಾಯಬೇಕಾ?

ರೈಲಿನವರದೂ ತಪ್ಪಿದೆ, ಮುಚ್ಚಿಡಲ್ಲ. 1994ರಿಂದ ಈ ದಾರಿಯಲ್ಲಿ ಪ್ರಯಾಣಿಕರ ರೈಲು ಓಡಿಸುವುದು ಒಂದೇ ಕಂಪನಿ. ಪೈಪೋಟಿ ಇಲ್ಲ, ಕೊನೇ ಗಳಿಗೆಯಲ್ಲಿ ಹೋದರೆ ದರ ಕೇಳಿ ಎದೆ ಒಡೆಯುತ್ತೆ. ಅದಕ್ಕೇ ವೀಸಾ ಸಿಕ್ಕ ದಿನವೇ ಟಿಕೆಟ್ ಮಾಡಿಸಿ. (ಬ್ರಿಟನ್ ವೀಸಾ ಫ್ರಾನ್ಸಿಗೆ ನಡೆಯಲ್ಲ, ಷೆಂಗೆನ್ ವೀಸಾ ಬೇರೆಯೇ ಬೇಕು.) ನಿಜವಾಗಲೂ ದುಡ್ಡು ಉಳಿಸಬೇಕು, ಮೈಯಲ್ಲಿ ಕಸುವಿದೆ ಅಂದರೆ ಲಂಡನ್ನಿನ ವಿಕ್ಟೋರಿಯಾದಿಂದ ರಾತ್ರಿ ಬಸ್ ಇದೆ, ಎಂಟೊಂಬತ್ತು ಗಂಟೆ. ಅದು ಪ್ರಾಮಾಣಿಕ ಅಗ್ಗ. ನಿಧಾನ ಅಂತ ಮೊದಲೇ ಗೊತ್ತಿರುತ್ತೆ. ಮುಂಬಯಿಯಿಂದ ನೇರ ಪ್ಯಾರಿಸ್ಸಿಗೇ ಹೋಗುವವರು ವಿಮಾನದಲ್ಲೇ ಹೋಗಿ, ಅವರ ಹತ್ತಿರ ನನ್ನ ಜಗಳವಿಲ್ಲ.

ನನ್ನ ಜಗಳ ಇರೋದು ಒಂದೇ ಕಾಲಂ ನೋಡಿ ಲೆಕ್ಕ ಮುಗಿಸುವ ನಮ್ಮ ಅಭ್ಯಾಸದ ಮೇಲೆ. ನಮ್ಮ ವಯಸ್ಸಿನವರಿಗೆ ಪ್ಯಾರಿಸ್ ಎರಡನೇ ಸಲ ಬರುತ್ತೋ ಇಲ್ಲವೋ. ಮಕ್ಕಳು ಟಿಕೆಟ್ ತೋರಿಸಿದಾಗ ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿನವರೆಗೆ ಎಷ್ಟು ದುಡ್ಡು, ಎಷ್ಟು ಹೊತ್ತು, ಎಷ್ಟು ನಡಿಗೆ ಅಂತ ಬಾಯಿಬಿಟ್ಟು ಕೇಳಿ. ನಾನು ಕೇಳಲಿಲ್ಲ. ಮೊನಾಲಿಸಾ ನಮ್ಮ ಮನೆಯಲ್ಲಿ ಇನ್ನೂ ಕ್ಯಾಲೆಂಡರಿನಲ್ಲೇ ಇದ್ದಾಳೆ.