ಪರಂಗಿಯ ನಂಜಿಗೆ ನಂಜಿನದೇ ತುಣುಕು

ಪರಂಗಿ ತೋಟ ಮಾಡಿದವರಿಗೆ ಈ ನೋಟ ಹೊಸದಲ್ಲ. ಗಿಡ ಹೂ ಕಚ್ಚುವ ಹೊತ್ತಿಗೆ ಸುಳಿಯ ಎಲೆ ಹಳದಿಗೆ ತಿರುಗುತ್ತದೆ, ಮುದುಡುತ್ತದೆ, ಅಗಲ ಹೋಗಿ ದಾರದಂತಾಗುತ್ತದೆ. ಕಾಂಡದ ಮೇಲೆ ಎಣ್ಣೆ ಸವರಿದಂಥ ಗೆರೆ, ಕಾಯಿಯ ಮೇಲೆ ಉಂಗುರದಂಥ ಚುಕ್ಕೆ. ಇದೇ ಉಂಗುರಚುಕ್ಕೆ ನಂಜುರೋಗ. ನೀವು ಔಷಧದ ಅಂಗಡಿಗೆ ಓಡುತ್ತೀರಿ. ಹೊಡೆದ ಔಷಧಕ್ಕೆ ಹೇನು ಸಾಯುತ್ತದೆ, ರೋಗ ನಿಲ್ಲುವುದಿಲ್ಲ. ಕಾರಣವಿಷ್ಟೆ: ಸಸ್ಯಹೇನು ಎಲೆಗೆ ಚುಚ್ಚಿದ ಒಂದೆರಡು ನಿಮಿಷದಲ್ಲೇ ನಂಜನ್ನು ಅಂಟಿಸಿರುತ್ತದೆ. ವಿಷ ಅದನ್ನು ಕೊಲ್ಲುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಈಚೆಗೆ ‘ಆರ್‌ಎನ್‌ಎ ತಂತ್ರ’ದಿಂದ ನಂಜುರೋಗವನ್ನೇ ಅಡಗಿಸಬಹುದೆಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದರಲ್ಲಿ ಹುರುಳೆಷ್ಟು?

ಪರಂಗಿಯ ನಂಜಾಣು ಎಂದರೆ ಒಂದು ಆರ್‌ಎನ್‌ಎ ಎಳೆ, ಅದರ ಮೇಲೊಂದು ಹೊದಿಕೆ. ಆ ಎಳೆಯಲ್ಲಿರುವುದು ಬರೀ ಅಪ್ಪಣೆಗಳು: ಹೊದಿಕೆ ಹೀಗೆ ಮಾಡು, ನನ್ನ ನಕಲು ತೆಗೆ ಎಂದು. ಗಿಡದ ಜೀವಕೋಶ ಈ ಅಪ್ಪಣೆಗಳನ್ನು ಓದಿ ಪಾಲಿಸುತ್ತದೆ. ನಕಲಾಗುವಾಗ ಎಳೆ ಜೋಡಿಯಾಗುತ್ತದೆ. ಜೋಡಿ ಎಳೆ ಕಂಡೊಡನೆ ಗಿಡಕ್ಕೆ ಅನುಮಾನ. ಅದನ್ನು 21ರಿಂದ 24 ಅಕ್ಷರದ ತುಂಡುಗಳಾಗಿ ಕತ್ತರಿಸಿ, ಆ ತುಂಡನ್ನೇ ಗುರುತಿಗಿಟ್ಟುಕೊಂಡು, ಹೊಂದುವ ಅಪ್ಪಣೆ ಎಲ್ಲಿ ಸಿಕ್ಕರೂ ಹರಿದುಹಾಕುತ್ತದೆ. ನಂಜಾಣುವೂ ಸುಮ್ಮನಿರುವುದಿಲ್ಲ, ಈ ಕಾವಲನ್ನು ಕೆಡಿಸುವ ಪ್ರೋಟೀನೊಂದನ್ನು ತಾನೇ ತಯಾರಿಸುತ್ತದೆ. ನಂಜು ಬರುವುದಕ್ಕೆ ಮೊದಲೇ ಗಿಡಕ್ಕೆ ಗುರುತಿನ ತುಂಡು ಕೊಟ್ಟಿದ್ದರೆ ಗಿಡ ಗೆಲ್ಲುತ್ತದೆ. ತಂತ್ರವೆಲ್ಲ ಇಷ್ಟೇ. ನಂಜಿನ ಯಾವ ವಂಶವಾಹಿ ಏನು ಮಾಡುತ್ತದೆಂದು ತಿಳಿಯಲೂ ವಿಜ್ಞಾನಿಗಳು ಇದೇ ಉಪಾಯದಿಂದ ಒಂದೊಂದರ ಬಾಯಿ ಕಟ್ಟಿ ನೋಡುತ್ತಾರೆ.

ಇದು ಹೊಲದಲ್ಲಿ ಪರೀಕ್ಷೆಗೊಳಗಾದದ್ದು ಹವಾಯಿ ದ್ವೀಪದ ಪುನಾ ಎಂಬಲ್ಲಿ. ಹವಾಯಿಯ ಪರಂಗಿ ಬಹುಪಾಲು ಅಲ್ಲಿಯೇ ಬೆಳೆಯುತ್ತಿತ್ತು. 1992ರಲ್ಲಿ ಅಲ್ಲಿ ಉಂಗುರಚುಕ್ಕೆ ರೋಗ ಕಾಣಿಸಿತು. ಪುನಾದ ಫಸಲು 1992ರ ಸುಮಾರು 24 ಸಾವಿರ ಟನ್ನಿನಿಂದ 1998ಕ್ಕೆ ಸುಮಾರು 12 ಸಾವಿರಕ್ಕಿಳಿಯಿತು. ಆ ನಾಡಿನವರೇ ಆದ ಡೆನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ರೋಗ ಬರುವ ಮುನ್ನವೇ ಕೆಲಸ ಹಿಡಿದಿದ್ದರು. ನಂಜಾಣುವಿನ ಹೊದಿಕೆಯ ವಂಶವಾಹಿಯನ್ನು ಪರಂಗಿಗೆ ಸೇರಿಸಿ ‘ಸನ್‌ಅಪ್’, ಅದರಿಂದ ‘ರೈನ್‌ಬೋ’ ತಳಿ ಪಡೆದರು. 1998ರ ಮೇ ತಿಂಗಳಲ್ಲಿ ರೈತರಿಗೆ ಬೀಜ ಹಂಚಿದರು, ಅದೂ ಉಚಿತವಾಗಿ. ತೋಟಗಳು ಮರಳಿ ಎದ್ದವು. ತಮಾಷೆಯೆಂದರೆ, ಹೊದಿಕೆಯ ಪ್ರೋಟೀನೇ ಕಾಯುತ್ತದೆಂದು ಮೊದಲು ನಂಬಿದ್ದರು. ಕಾಯುತ್ತಿದ್ದುದು ಆರ್‌ಎನ್‌ಎ ಎಂಬುದು ಆಮೇಲೆ ತಿಳಿಯಿತು. ಜೋಡಿ ಎಳೆಯ ಗುಟ್ಟನ್ನು ಆಂಡ್ರ್ಯೂ ಫೈರ್ ಮತ್ತು ಕ್ರೆಗ್ ಮೆಲೊ ಪ್ರಕಟಿಸಿದ್ದೂ 1998ರಲ್ಲೇ, ಅದೂ ಒಂದು ಹುಳುವಿನಲ್ಲಿ ಕಂಡುಕೊಂಡು. 2006ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾದರೆ ಆ ಬೀಜವನ್ನೇ ತರಿಸಿ ಬಿತ್ತಬಾರದೇಕೆ ಎಂದು ನೀವು ಕೇಳುವುದು ಸಹಜ. ಇಲ್ಲಿದೆ ತೊಡಕು. ಗುರುತಿನ ತುಂಡು ನಂಜಿನ ಅಕ್ಷರಗಳಿಗೆ ಹೊಂದಬೇಕು. ಹವಾಯಿಯ ನಂಜಿಗೂ ಏಷ್ಯಾದ ನಂಜಿಗೂ ಅಕ್ಷರದಲ್ಲಿ ವ್ಯತ್ಯಾಸವುಂಟು. ತೈವಾನ್, ಥಾಯ್ಲೆಂಡುಗಳ ನಂಜಿನ ಮುಂದೆ ರೈನ್‌ಬೋ ಸೋತಿತು. ನಮ್ಮ ತೋಟದ ನಂಜಿಗೆ ನಮ್ಮ ತೋಟದ ನಂಜಿನಿಂದಲೇ ತುಣುಕು ತೆಗೆಯಬೇಕು. ಆದ್ದರಿಂದ ಈ ಕೆಲಸ ನಮ್ಮ ಸರಕಾರಿ ಸಂಶೋಧನಾ ಸಂಸ್ಥೆಗಳಲ್ಲೇ ಆಗಬೇಕು, ಬೀಜ ಪುನಾದಲ್ಲಿ ಸಿಕ್ಕಂತೆ ರೈತನ ಕೈಗೆಟುಕಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಬ್ರೆಜಿಲ್ ಹಾಗೆಯೇ ಮಾಡಿತು. ಬಿಳಿನೊಣ ಹರಡುವ ಹುರುಳಿಕಾಯಿಯ ಹಳದಿ ನಂಜಿಗೆ ಅಲ್ಲಿಯ ಸರಕಾರಿ ಸಂಸ್ಥೆ ಎಂಬ್ರಾಪಾ ತಯಾರಿಸಿದ ತಳಿಗೆ 2011ರಲ್ಲಿ ಒಪ್ಪಿಗೆ ದೊರೆಯಿತು.

ಮಾರುಕಟ್ಟೆಯ ಮಾತೂ ಇದೆ. ಬೀಜ ಸಿಕ್ಕ ಮೇಲೂ ಹವಾಯಿಯವರ ಹಳೆಯ ಗಿರಾಕಿಯಾದ ಜಪಾನು ಈ ಹಣ್ಣಿಗೆ ಬಾಗಿಲು ತೆರೆದದ್ದು 2011ರ ಡಿಸೆಂಬರಿನಲ್ಲಿ. ನಮ್ಮಲ್ಲೂ ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ವಂಶವಾಹಿ ಸೇರಿಸಿದ ತಳಿಯ ದಾರಿ ಸಲೀಸಲ್ಲ.

ವಂಶವಾಹಿಯ ಗೋಜಿಲ್ಲದ ಇನ್ನೊಂದು ದಾರಿ ಸಿಂಪರಣೆ. ಜೋಡಿ ಎಳೆಯನ್ನು ನೀರಿನಲ್ಲಿ ಕಲಸಿ ಎಲೆಗೇ ಹೊಡೆಯುವುದು. ಬರಿಯ ಎಳೆ ಎಲೆಯ ಮೇಲೆ ಹೆಚ್ಚು ದಿನ ನಿಲ್ಲದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನವರು ಅದನ್ನು ಜೇಡಿಯಂಥ ನವಿರು ಪುಡಿಗೆ ಅಂಟಿಸಿ ಹೊಡೆದಾಗ ಒಂದೇ ಸಿಂಪರಣೆಗೆ 20 ದಿನದ ಮೇಲೂ ರಕ್ಷಣೆ ಸಿಕ್ಕಿತೆಂದು 2017ರಲ್ಲಿ ವರದಿ ಮಾಡಿದರು. ಅದು ಹೊಗೆಸೊಪ್ಪು, ಅಲಸಂದೆಗಳ ಮೇಲಿನ ಪ್ರಯೋಗ. ಅಮೆರಿಕ 2023ರ ಡಿಸೆಂಬರಿನಲ್ಲಿ ಆರ್‌ಎನ್‌ಎ ಸಿಂಪರಣೆಯೊಂದಕ್ಕೆ ಪರವಾನಗಿ ಕೊಟ್ಟಿತು. ಅದು ಆಲೂಗಡ್ಡೆಯ ದುಂಬಿಗೆ, ನಂಜಿಗಲ್ಲ. ಯಾರಾದರೂ ಬಾಟಲಿ ಹಿಡಿದು ಬಂದು ‘ನಂಜಿಗೆ ಆರ್‌ಎನ್‌ಎ ಔಷಧ’ ಎಂದರೆ, ಯಾವ ನಂಜಿಗೆ, ಯಾರ ಪರವಾನಗಿ ಎಂದು ಕೇಳಿ. ರೋಗ ಬಂದ ಗಿಡವನ್ನು ಗುಣಪಡಿಸುತ್ತೇನೆಂದರಂತೂ ನಂಬಬೇಡಿ. ಇದು ಬರುವ ಮುಂಚಿನ ಕಾವಲು.

ಅಲ್ಲಿಯತನಕ ಹಳೆಯ ಕ್ರಮಗಳೇ ಗತಿ. ಈ ನಂಜು ಬೀಜದಿಂದ ಬರುವುದಿಲ್ಲ, ಆದ್ದರಿಂದ ಸಸಿಯನ್ನು ಬಲೆಯೊಳಗೆ ಬೆಳೆಸಿದರೆ ಅರ್ಧ ಗೆದ್ದಂತೆ. ನಾಟಿಗೆ ತಿಂಗಳು ಮೊದಲೇ ತೋಟದ ಸುತ್ತ ಜೋಳ ಅಥವಾ ಮುಸುಕಿನ ಜೋಳವನ್ನು ಎರಡು ಮೂರು ಸಾಲು ಒತ್ತಾಗಿ ಬಿತ್ತಿ. ಹಾರಿ ಬರುವ ಹೇನು ಅಲ್ಲಿಯೇ ಮೂತಿ ಒರೆಸಿಕೊಳ್ಳುತ್ತದೆ. ಪರಂಗಿಯ ನಡುವೆ ಸೌತೆ, ಕುಂಬಳ ಬೇಡ, ಅವುಗಳಲ್ಲೂ ಈ ನಂಜು ನೆಲೆಸುತ್ತದೆ. ರೋಗದ ಗಿಡ ಕಂಡ ದಿನವೇ ಕಿತ್ತು ಸುಡಿ. ನಾಲ್ಕು ಕಾಯಿಯ ಆಸೆಗೆ ಅದನ್ನು ಉಳಿಸಿಕೊಂಡರೆ ಪಕ್ಕದವರ ತೋಟಕ್ಕೂ ಹೋಗುತ್ತದೆ.