ಹಗ್ಗ ಹಗುರಾದರೂ ಹೊಣೆ ಹಗುರಾಗದು

ಭಾರವನ್ನು ಮೇಲೆತ್ತಲು ಕಲಿತ ದಿನದಿಂದಲೂ ಮನುಷ್ಯನು ಹಗ್ಗವನ್ನು ನಂಬಿ ಬದುಕಿದ್ದಾನೆ. ಕಪಿಲೆ ಬಾವಿಯ ಮಿಣಿಯಿಂದ ಹಿಡಿದು ಮಹಾನಗರಗಳ ಲಿಫ್ಟಿನ ಉಕ್ಕಿನ ಹಗ್ಗದವರೆಗೆ ಈ ನಂಬಿಕೆಯ ಕಥೆ ಒಂದೇ. ಈಗ ಉಕ್ಕಿನ ಸ್ಥಾನಕ್ಕೆ ಕೃತಕ ನಾರಿನ ಹಗುರವಾದ ಬೆಲ್ಟುಗಳು ಬರತೊಡಗಿವೆ. ಇದು ಎಂಜಿನಿಯರುಗಳ ವಿಷಯ, ಬಿ.ಎ. ವಿದ್ಯಾರ್ಥಿಗೇಕೆ ಎಂದು ಮಿತ್ರರು ಕೇಳಬಹುದು. ಆದರೆ ಲಿಫ್ಟನ್ನು ಹತ್ತುವವರು ಎಂಜಿನಿಯರುಗಳು ಮಾತ್ರವಲ್ಲವಷ್ಟೆ!

ಮೊದಲು ವಿಷಯವನ್ನು ತಿಳಿಯೋಣ. ಹಗ್ಗದ ಒಂದು ತುದಿಗೆ ಲಿಫ್ಟಿನ ಪೆಟ್ಟಿಗೆ, ಇನ್ನೊಂದು ತುದಿಗೆ ಎದುರುಭಾರ, ನಡುವೆ ರಾಟೆ. ಕಟ್ಟಡವು ಎತ್ತರವಾದಷ್ಟೂ ಹಗ್ಗದ ಸ್ವಂತ ತೂಕವೇ ಬೆಳೆಯುತ್ತದೆ. ಸುಮಾರು 500 ಮೀಟರು ದಾಟಿತೆಂದರೆ ಉಕ್ಕಿನ ಹಗ್ಗವು ತನ್ನನ್ನು ತಾನು ಹೊರುವುದರಲ್ಲಿಯೇ ದಣಿಯುತ್ತದೆ. ಅಲ್ಲದೆ ಅದನ್ನು ಚಿಕ್ಕ ರಾಟೆಯ ಮೇಲೆ ಬಾಗಿಸಿದರೆ ಬೇಗ ಸವೆಯುತ್ತದೆ. ಆದುದರಿಂದ ರಾಟೆಯ ವ್ಯಾಸವು ಹಗ್ಗದ ವ್ಯಾಸದ 40 ಪಟ್ಟಾದರೂ ಇರಬೇಕೆಂಬುದು ರೂಢಿಯ ನಿಯಮ. ದೊಡ್ಡ ರಾಟೆಗೆ ದೊಡ್ಡ ಯಂತ್ರ, ಅದಕ್ಕೆ ಮಾಳಿಗೆಯ ಮೇಲೊಂದು ಕೋಣೆ.

ಈ ತೊಡಕನ್ನು ಬಿಡಿಸಲು 2000ದಲ್ಲಿ ಓಟಿಸ್ ಸಂಸ್ಥೆಯು ಸಣ್ಣ ಉಕ್ಕಿನ ಎಳೆಗಳಿಗೆ ಪಾಲಿಯುರೆಥೇನಿನ ಹೊದಿಕೆ ತೊಡಿಸಿದ ಚಪ್ಪಟೆ ಬೆಲ್ಟನ್ನು ತಂದಿತು. ಅತ್ತ, ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ವಿಜ್ಞಾನಿ 1965ರಲ್ಲಿ ಕಂಡುಹಿಡಿದ ನಾರು, ಮುಂದೆ ಕೆವ್ಲಾರ್ ಎಂದು ಹೆಸರಾದದ್ದು, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಬಲವುಳ್ಳದ್ದು. ಈ ಜಾತಿಯ ನಾರುಗಳೂ ಲಿಫ್ಟಿನ ಹಗ್ಗವಾದವು. 2013ರಲ್ಲಿ ಫಿನ್ಲೆಂಡಿನ ಕೋನೆ ಸಂಸ್ಥೆಯು ಇಂಗಾಲದ ನಾರಿನ ಹಗ್ಗವನ್ನು ಪ್ರಕಟಿಸಿ, ಒಂದೇ ಓಟದಲ್ಲಿ 1000 ಮೀಟರು ಏರಬಹುದೆಂದು ಸಾರಿತು.

ಹಗುರವಾದ ಹೆಣಿಗೆಯನ್ನು ನಂಬುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಹಂಪೆಯ ಹೊಳೆಯಲ್ಲಿ ಹರಿಗೋಲನ್ನು ನೋಡದವರಾರು? ಬಿದಿರಿನ ಸೀಳುಗಳ ಬುಟ್ಟಿ. ಹೊರಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ಕು, ಟಾರು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯಸನು ಇಂತಹ ದೋಣಿಗಳಲ್ಲಿ ಜನರಲ್ಲದೆ ಕುದುರೆ ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಇಂದು ಸಂಡೂರಿನ ಗುಡ್ಡಗಳ ಅದಿರು ಬೆಲ್ಟಿನ ಮೇಲೆ ತೋರಣಗಲ್ಲಿನ ಕಡೆಗೆ ಹರಿಯುತ್ತದೆ.

ಆದರೆ ಒಂದು ವ್ಯತ್ಯಾಸವುಂಟು. ಹರಿಗೋಲು ತೂತಾದರೆ ಅಂಬಿಗನಿಗೆ ಕಾಣುತ್ತದೆ. ಉಕ್ಕಿನ ಹಗ್ಗವೂ ಸಾಯುವ ಮುನ್ನ ಸುಳಿವು ಕೊಡುತ್ತದೆ: ತುಕ್ಕು ಹಿಡಿಯುತ್ತದೆ, ಎಳೆಗಳು ಒಂದೊಂದಾಗಿ ಕಿತ್ತು ಮೇಲೇಳುತ್ತವೆ. ಹೊದಿಕೆಯೊಳಗಿನ ನಾರು ಹಾಗಲ್ಲ. ಒಳಗೆ ಸವೆದರೂ ಹೊರಗೆ ನುಣುಪು. ಆದುದರಿಂದ ಉಕ್ಕಿನ ಎಳೆಯ ಬೆಲ್ಟುಗಳಲ್ಲಿ ವಿದ್ಯುತ್ತು ಹರಿಸಿ, ಅದಕ್ಕೊದಗುವ ತಡೆಯನ್ನು ಅಳೆದು ಒಳಗಿನ ಆರೋಗ್ಯವನ್ನು ತಿಳಿಯುತ್ತಾರೆ. ಕಣ್ಣಿನ ಕೆಲಸ ಉಪಕರಣದ ಪಾಲಾಗಿದೆ.

ಹಾಗಾದರೆ ಕಣ್ಣಿಗೆ ಕಾಣುವ ದಪ್ಪ ಉಕ್ಕೇ ಲೇಸೆ? ಹೊಸಪೇಟೆಯವರು ಹಾಗೆನ್ನಲಾರರು. 1953ರಲ್ಲಿ ಮುಗಿದ ನಮ್ಮ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್‌ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಬದಲಿಗೆ ಇಳಿಸಲು ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಅದನ್ನು ತಯಾರಿಸಿ, ಹರಿಯುವ ನೀರಿನಲ್ಲೇ ಇಳಿಸುವಷ್ಟರಲ್ಲಿ ವಾರ ಕಳೆಯಿತು. ಅಷ್ಟು ದಿನ ಕಂಪ್ಲಿಯ ಭತ್ತದ ಗದ್ದೆಯವರಿಗೆ ನಿದ್ದೆಯಿಲ್ಲ. ಒಂದು ಸರಪಳಿಗೆ ಸಾವಿರಾರು ಮನೆಗಳ ಅನ್ನ ತೂಗುಬಿದ್ದಿತ್ತೆಂಬುದು ಅದು ಹರಿದ ಮೇಲೆ ತಿಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ!

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಭಾರವಾದದ್ದು ಭದ್ರ, ಹಗುರಾದದ್ದು ಅಪಾಯ ಎಂಬುದೂ ಭ್ರಮೆ, ಹೊಸದೆಲ್ಲ ಭದ್ರ ಎಂಬುದೂ ಭ್ರಮೆ. ಲಿಫ್ಟನ್ನು ಕಾಪಾಡಿರುವುದು ಹಗ್ಗವೊಂದೇ ಅಲ್ಲ. ಹಗ್ಗ ಹರಿಯಬಹುದೆಂದು ಮೊದಲೇ ಎಣಿಸಿದ ಬುದ್ಧಿಯೂ ಅದನ್ನು ಕಾಪಾಡಿದೆ. ಎಲೈಷಾ ಓಟಿಸನು 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನು ನಿಂತ ಅಟ್ಟಣೆಯ ಹಗ್ಗವನ್ನೇ ಕಡಿಸಿ, ಅಟ್ಟಣೆ ಬೀಳದೆ ನಿಲ್ಲುವುದನ್ನು ತೋರಿಸಿದನು. ಹಗ್ಗ ಯಾವುದೇ ಇರಲಿ, ಈ ಮುಂದಾಲೋಚನೆ ಇರಬೇಕು.

ಕಾಯಿದೆಗಳಿಗೆ ಕೊರತೆಯಿಲ್ಲ. ಲಿಫ್ಟುಗಳಿಗೆ ನಮ್ಮ ರಾಜ್ಯದ 2012ರ ಕಾಯಿದೆಯಿದೆ, ಅಣೆಕಟ್ಟುಗಳಿಗೆ ಕೇಂದ್ರದ 2021ರ ಕಾಯಿದೆಯಿದೆ. ನಾನು ಕೇಳುವುದು ಒಂದು ಹಲಗೆ. ಆಸ್ಪತ್ರೆ, ಕಚೇರಿ, ವಸತಿಗೃಹಗಳ ಪ್ರತಿಯೊಂದು ಲಿಫ್ಟಿನಲ್ಲಿಯೂ ಹಗ್ಗ ಅಥವಾ ಬೆಲ್ಟು ಯಾವ ಬಗೆಯದು, ಕಡೆಯ ತಪಾಸಣೆ ಯಾವಾಗ, ಬದಲಾಯಿಸಬೇಕಾದದ್ದು ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆದು ತೂಗುಹಾಕಲಿ. ಗೇಟಿನ ಸರಪಳಿಗಳ ವಿವರವೂ ಮಳೆಗಾಲಕ್ಕೆ ಮೊದಲೇ ರೈತರ ಕೈಸೇರಲಿ.

ಇದರಿಂದ ಜನ ಅಂಜುತ್ತಾರೆಂದು ಕೆಲವರೆನ್ನಬಹುದು. ಬಾವಿಗೆ ಇಳಿಯುವವನು ಮೊದಲು ಹಗ್ಗವನ್ನು ಜಗ್ಗಿ ನೋಡುತ್ತಾನೆ. ಅವನನ್ನು ಯಾರೂ ಅಂಜುಬುರುಕನೆನ್ನುವುದಿಲ್ಲ, ಬಲ್ಲವನೆನ್ನುತ್ತಾರೆ. ನಾವು ಓದಿದವರು ಆ ರೈತನಿಗಿಂತ ಕಡಿಮೆ ಪ್ರಶ್ನೆ ಕೇಳುವುದಾದರೆ ಓದಿ ಬಂದ ಫಲವೇನು?