ಮದುವಣಗಿತ್ತಿಯ ಉಡುಪು: ಸಡಗರವಿರಲಿ, ಸಾಲ ಬೇಡ

ವಿವಾಹವು ಎರಡು ಜೀವಗಳನ್ನೂ ಎರಡು ಮನೆತನಗಳನ್ನೂ ಕೂಡಿಸುವ ಮಂಗಳಕಾರ್ಯ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದ್ದು ಖರ್ಚಿಗೆ ಹೆದರಿ ಮಾತ್ರವಲ್ಲ, ಈ ಕಾರ್ಯದಲ್ಲಿ ಹೊರಬೇಕಾದ ಹೊಣೆಯ ಭಾರವನ್ನು ಅರಿತು. ಆ ದಿನ ಮದುಮಗಳು ಹೊಸ ಬಟ್ಟೆ ಉಟ್ಟು, ಹೂ ಮುಡಿದು, ಹತ್ತು ಜನರ ನಡುವೆ ಕಳೆಯಿಂದ ಕಾಣಬೇಕೆಂಬುದು ತಂದೆತಾಯಿಗಳ ಸಹಜವಾದ ಆಸೆ. ಅದನ್ನು ತಪ್ಪೆನ್ನುವವರು ನಾವಲ್ಲ. ಆದರೆ ಒಂದು ದಿನದ ಉಡುಪು ಮುಂದಿನ ಮೂರು ವರ್ಷದ ಊಟವನ್ನು ಕಸಿಯುವಂತಾದರೆ, ಆ ಬಗ್ಗೆ ನಾಲ್ಕು ಮಾತು ಹೇಳುವುದು ನಮ್ಮ ಕರ್ತವ್ಯವಾಗುತ್ತದೆ.

ಲಗ್ನಪತ್ರಿಕೆ ಹಿಡಿದು ಆಶೀರ್ವಾದಕ್ಕೆಂದು ಬರುವ ಭಕ್ತರು ಮಾತಿನ ಮಧ್ಯೆ ಖರ್ಚಿನ ವಿಷಯ ತೆಗೆಯುತ್ತಾರೆ. ಹಿಂದೆ ಅವರ ಚಿಂತೆಯೆಲ್ಲ ಊಟೋಪಚಾರ ಮತ್ತು ಒಡವೆಯದಾಗಿತ್ತು. ಈಗ ಬಟ್ಟೆಯ ಲೆಕ್ಕವೇ ಬೇರೆಯಾಗಿ ನಿಂತಿದೆ. ಶಾಸ್ತ್ರಕ್ಕೊಂದು ಸೀರೆ, ಧಾರೆಗೊಂದು ಸೀರೆ, ಆರತಕ್ಷತೆಗೆ ನೆಲ ಗುಡಿಸುವಷ್ಟು ಉದ್ದದ ಗೌನು ಅಥವಾ ಲೆಹಂಗಾ, ಮದುವೆಗೆ ಮೊದಲೇ ಫೋಟೋ ತೆಗೆಸಿಕೊಳ್ಳಲು ಇನ್ನೊಂದು. ಇದು ಸಾಲದೆಂಬಂತೆ ಮದುಮಗಳ ಸುತ್ತ ನಿಲ್ಲುವ ಗೆಳತಿಯರಿಗೂ ಅಕ್ಕತಂಗಿಯರಿಗೂ ಒಂದೇ ಬಣ್ಣದ, ಒಂದೇ ನಮೂನೆಯ ಉಡುಪು. ಹೆಣ್ಣಿನ ತಂದೆ ಇದನ್ನೆಲ್ಲ ಬಾಯಿಬಿಟ್ಟು ಬೇಡವೆನ್ನಲಾರ. ಬೇಕೆನ್ನಲು ಕೈಯಲ್ಲಿ ಹಣವಿಲ್ಲ.

ಈ ಮಾತು ಯಾವ ಊರಿಗೂ ಸಲ್ಲುತ್ತದೆಯಾದರೂ ಕೋಲಾರದ ಚಿನ್ನದ ಗಣಿಯ ಪೇಟೆಯಾದ ರಾಬರ್ಟ್‌ಸನ್‌ಪೇಟೆಗೆ ಹೆಚ್ಚು ಸಲ್ಲುತ್ತದೆ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರು ಹೊತ್ತ ಊರು ಅದು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದ ಸೀಮೆ. ಕನ್ನಡ, ತಮಿಳು, ತೆಲುಗು, ಉರ್ದು ಆಡುವವರೂ ಆಂಗ್ಲೋ-ಇಂಡಿಯನ್ ಮನೆತನಗಳವರೂ ಅಲ್ಲಿ ಕೂಡಿ ಬಾಳಿದರು. ಆದ್ದರಿಂದ ಧಾರೆಸೀರೆಯೂ ಚರ್ಚಿನ ಬಿಳಿಯ ಗೌನೂ ಒಂದೇ ಪೇಟೆಯ ಬೀದಿಯಲ್ಲಿ ಓಡಾಡಿದವು, ಒಂದೇ ದರ್ಜಿಯ ಅಂಗಡಿಯಲ್ಲಿ ಅಕ್ಕಪಕ್ಕ ತೂಗಿದವು. ಪಕ್ಕದ ಮನೆಯ ಮದುವೆಯನ್ನು ನೋಡಿ ಒಬ್ಬರಿಂದೊಬ್ಬರು ಕಲಿತದ್ದು ಬಹಳ. ಒಳ್ಳೆಯದನ್ನೂ ಕಲಿತರು, ಖರ್ಚನ್ನೂ ಕಲಿತರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಅಲ್ಲಿಯ ಎಷ್ಟೋ ಮನೆಗಳ ಸಂಪಾದನೆ ಬೆಳಗಿನ ಜಾವದ ರೈಲನ್ನು ಅವಲಂಬಿಸಿದೆ. ಮಾರಿಕುಪ್ಪಂನಲ್ಲಿ ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ದುಡಿದು, ರಾತ್ರಿಗೆ ಮನೆ ಸೇರುವ ಮಕ್ಕಳ ಸಂಬಳದಲ್ಲಿ ಮನೆಬಾಡಿಗೆ, ಔಷಧಿ, ತಮ್ಮಂದಿರ ಶಾಲೆ ಎಲ್ಲವೂ ನಡೆಯಬೇಕು. ಗಣಿಯ ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲನ್ನು ಪುಡಿ ಮಾಡಿದರೆ ದೊರೆಯುತ್ತಿದ್ದ ಚಿನ್ನ ಕೆಲವೇ ಗ್ರಾಂ. ಅಂತಹ ಕಷ್ಟದ ದುಡಿಮೆಯನ್ನು ಕಂಡ ಹಿರಿಯರು ಇರುವ ಊರಿನಲ್ಲಿ, ಒಂದು ಸಂಜೆ ಉಟ್ಟು ಪೆಟ್ಟಿಗೆಯಲ್ಲಿ ಮಡಿಸಿಡುವ ಬಟ್ಟೆಗೆ ತಿಂಗಳುಗಟ್ಟಲೆ ಸಂಬಳ ಸುರಿಯುವುದನ್ನು ನೋಡಿದರೆ ಮನಸ್ಸು ಮರುಗುತ್ತದೆ.

ಇನ್ನು ಈ ಬಿಳಿಯ ಗೌನು ಎಲ್ಲಿಂದ ಬಂತೆಂಬುದನ್ನು ನೋಡೋಣ. ಇದು ಧರ್ಮಗ್ರಂಥದ ಕಟ್ಟಳೆಯಲ್ಲ. ಪಾಶ್ಚಾತ್ಯ ದೇಶಗಳಲ್ಲಿಯೂ ಹಿಂದೆ ಸಾಮಾನ್ಯ ಮನೆಯ ವಧು ತನ್ನಲ್ಲಿದ್ದ ಒಳ್ಳೆಯ ಉಡುಪನ್ನೇ, ಅದು ಯಾವ ಬಣ್ಣದ್ದಾದರೂ ಸರಿ, ತೊಟ್ಟು ಮದುವೆಯಾಗುತ್ತಿದ್ದಳು. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಬಿಳಿಯ ಉಡುಪು ತೊಟ್ಟ ಮೇಲೆ ಅದು ಶ್ರೀಮಂತರ ರೂಢಿಯಾಗಿ, ಬರಬರುತ್ತಾ ಎಲ್ಲರ ರೂಢಿಯಾಯಿತು. ಆದರೆ ಆ ರಾಣಿಯೇ ತನ್ನ ಮದುವೆಯ ಲೇಸನ್ನು ಜೋಪಾನವಾಗಿಟ್ಟು ಮುಂದೆ ಮಕ್ಕಳ ಸಮಾರಂಭಗಳಲ್ಲಿ ಮತ್ತೆ ಮತ್ತೆ ಬಳಸಿದಳು. ಅವಳ ವಂಶದ ಎಲಿಜಬೆತ್ 1947ರಲ್ಲಿ ಮದುವೆಯಾದಾಗ ಯುದ್ಧಾನಂತರದ ಬಟ್ಟೆಯ ಪಡಿತರ ಇನ್ನೂ ಜಾರಿಯಲ್ಲಿತ್ತು. ರಾಜಕುಮಾರಿಯೂ ಕೂಪನ್ ಕೊಟ್ಟೇ ಬಟ್ಟೆ ಪಡೆದಳು. ಅರಮನೆಯವರೇ ಲೆಕ್ಕ ಹಿಡಿದು ನಡೆದ ವಿಷಯದಲ್ಲಿ ನಾವು ಲೆಕ್ಕ ತಪ್ಪುವುದೇಕೆ?

ನಮ್ಮ ಕಡೆಯ ಮದುವೆಗಳಲ್ಲಿಯೂ ಮದುಮಗಳ ಜೊತೆ ನಿಲ್ಲುವವಳಿದ್ದಾಳೆ. ಅವಳು ಕಳಸಗಿತ್ತಿ. ಅವಳ ಕೈಯಲ್ಲಿ ಕಳಸವಿರುತ್ತದೆ, ಮನಸ್ಸಿನಲ್ಲಿ ಹಾರೈಕೆ ಇರುತ್ತದೆ. ಅವಳಿಗೆ ಮನೆಯವರು ಶಕ್ತ್ಯನುಸಾರ ಒಂದು ಸೀರೆ ಕೊಟ್ಟು ಉಪಚರಿಸುವುದು ವಾಡಿಕೆ. ಚರ್ಚಿನ ಮದುವೆಯ ಗೆಳತಿಯರೂ ಹಾಗೆಯೇ ವಧುವಿನ ಆಸರೆಯಾಗಿ ನಿಲ್ಲುವವರು. ಈಗ ಆ ಸ್ಥಾನಕ್ಕೆ ಐದಾರು ಹುಡುಗಿಯರು, ಅವರಿಗೆ ದುಬಾರಿಯ ಒಂದೇ ತರಹದ ಉಡುಪು. ಅದನ್ನು ವಧುವಿನ ಮನೆಯವರು ಕೊಡಿಸಿದರೆ ಅವರಿಗೆ ಸಾಲ; ಅವರವರೇ ಹೊಲಿಸಿಕೊಳ್ಳಬೇಕೆಂದರೆ ಆ ಹುಡುಗಿಯರ ತಂದೆಯರಿಗೆ ಸಾಲ. ಕಾಸಿಲ್ಲದ ಮನೆಯ ಗೆಳತಿ ಏನೋ ನೆಪ ಹೇಳಿ ಮದುವೆಗೇ ಬಾರದೆ ಉಳಿಯುತ್ತಾಳೆ. ಬಟ್ಟೆಯ ಬಣ್ಣ ಹೊಂದಿಸಲು ಹೋಗಿ ಬಾಲ್ಯದ ಸ್ನೇಹವನ್ನು ಹೊರಗೆ ನಿಲ್ಲಿಸುವುದು ಯಾವ ಸಂಭ್ರಮ?

ಸಾಲದ ಲೆಕ್ಕವನ್ನು ಒಮ್ಮೆ ಕೂತು ಹಾಕಿ ನೋಡಿರಿ. ಬಟ್ಟೆಗೆಂದೇ 40,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದರೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 1,200 ರೂಪಾಯಿ, ವರ್ಷಕ್ಕೆ 14,400 ರೂಪಾಯಿ ಬಡ್ಡಿ. ಮೂರು ವರ್ಷಕ್ಕೆ ಕಟ್ಟಿದ್ದು 43,200 ರೂಪಾಯಿ, ಅಸಲು ಇದ್ದಲ್ಲಿಯೇ ಇದೆ. ಅಷ್ಟರೊಳಗೆ ಮಗಳಿಗೆ ಬಾಣಂತನವಾಗುತ್ತದೆ, ತವರಿನವರು ಕೈಯೆತ್ತಿ ಏನಾದರೂ ಕೊಡಬೇಕಾದ ಹೊತ್ತು ಬರುತ್ತದೆ. ಆಗ ಕೈ ಖಾಲಿ. ಅಂದು ಗೌನಿಗೆ ಕೊಟ್ಟ ಹಣ ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಇದ್ದಿದ್ದರೆ ಆ ಹೊತ್ತಿಗೆ ಒದಗುತ್ತಿತ್ತಲ್ಲವೇ?

ಹಾಗಾದರೆ ಮಾಡಬೇಕಾದುದೇನು? ಬರಿದೆ ಬೇಡ ಬೇಡ ಎನ್ನುವುದು ಸುಲಭ, ದಾರಿ ತೋರಿಸಬೇಕು. ಮೊದಲನೆಯದಾಗಿ, ಅಂಗಡಿಗೆ ಹೋಗುವ ಮುನ್ನವೇ ಮನೆಯಲ್ಲಿ ಎಲ್ಲರೂ ಕೂತು ಬಟ್ಟೆಗೆ ಇಷ್ಟು ಹಣವೆಂದು ನಿಶ್ಚಯಿಸಬೇಕು. ಅದರಲ್ಲಿ ಹೊಲಿಗೆ ಕೂಲಿ, ರವಿಕೆಯ ಕೆಲಸ, ಒಳಲಂಗ, ಮುಸುಕು, ಚಪ್ಪಲಿ ಎಲ್ಲವೂ ಸೇರಿರಬೇಕು. ಸೀರೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ, ರವಿಕೆಯ ಆರಿ ಕೆಲಸಕ್ಕೆ ಸೀರೆಯ ಬೆಲೆಯನ್ನೇ ಕೊಡುವವರನ್ನು ನಾವು ಬಲ್ಲೆವು.

ಗೌನು ಬೇಕೆನ್ನುವವರು ಸಿದ್ಧ ಉಡುಪಿನ ದೊಡ್ಡ ಅಂಗಡಿಗೆ ನುಗ್ಗುವ ಬದಲು ಊರಿನ ನುರಿತ ದರ್ಜಿಯನ್ನು ಕೇಳಲಿ. ಸ್ಯಾಟಿನ್, ನೆಟ್, ಲೇಸುಗಳನ್ನು ಬೆಂಗಳೂರಿನ ಚಿಕ್ಕಪೇಟೆಯ ಸಗಟು ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ತರಬಹುದು. ಹೇಗೂ ಮನೆಯವರೊಬ್ಬರು ದಿನವೂ ರೈಲಿನಲ್ಲಿ ಹೋಗಿಬರುತ್ತಾರೆ. ಬೆಲೆ ಏರಿಸುವುದು ಬಹುಮಟ್ಟಿಗೆ ಮಣಿ ಕೆಲಸ ಮತ್ತು ಹಿಂದೆ ಎಳೆಯುವ ಸೆರಗಿನ ಉದ್ದ. ಇವೆರಡನ್ನು ಕಡಿಮೆ ಮಾಡಿದರೆ ಉಡುಪಿನ ಅಂದ ಕೆಡುವುದಿಲ್ಲ. ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಬಿಡಿಸಿದರೆ ಮುಂದೆ ತಂಗಿಗೋ ನಾದಿನಿಗೋ ಬಿಚ್ಚಿ ಹೊಂದಿಸಬಹುದು. ತಾಯಿಯ ಗೌನು ಪೆಟ್ಟಿಗೆಯಲ್ಲಿದ್ದರೆ ಅದನ್ನೇ ತಿದ್ದಿಸಿ ತೊಡುವುದು ಎಲ್ಲಕ್ಕಿಂತ ಮೇಲು. ಬಾಡಿಗೆಗೆ ತರುವುದರಲ್ಲಿಯೂ ಅವಮಾನವೇನಿಲ್ಲ. ಅದಕ್ಕೂ ಮೀರಿ, ದಕ್ಷಿಣ ಭಾರತದ ಅನೇಕ ಕ್ರೈಸ್ತ ವಧುಗಳು ಬಿಳಿ ಅಥವಾ ಕೆನೆಬಣ್ಣದ ಸೀರೆಯುಟ್ಟು ಮುಸುಕು ಹೊದ್ದು ಮದುವೆಯಾಗುತ್ತಾರೆ. ಆ ಸೀರೆ ಮುಂದೆ ಹಬ್ಬಕ್ಕೂ ಆಗುತ್ತದೆ.

ಗೆಳತಿಯರ ವಿಷಯದಲ್ಲಿ ಬಣ್ಣವೊಂದನ್ನು ಹೇಳಿದರೆ ಸಾಕು. ಆ ಬಣ್ಣದಲ್ಲಿ ಅವರವರ ಬಳಿ ಇರುವುದನ್ನು ತೊಟ್ಟು ಬರಲಿ. ಒಂದೇ ತರಹವೇ ಬೇಕೆಂದರೆ ಬಿಡಿಬಿಡಿಯಾಗಿ ಕೊಳ್ಳದೆ ಒಂದು ತಾನು ಬಟ್ಟೆ ತಂದು ಒಬ್ಬ ದರ್ಜಿಯಲ್ಲಿಯೇ ಕತ್ತರಿಸಿದರೆ ಬಟ್ಟೆಯೂ ಉಳಿಯುತ್ತದೆ, ಕೂಲಿಯೂ ಇಳಿಯುತ್ತದೆ. ಮರುದಿನವೂ ತೊಡಬಹುದಾದ ಸಾದಾ ನಮೂನೆ ಇರಲಿ. ಚಿಕ್ಕ ಮಕ್ಕಳ ಉಡುಪಿನಲ್ಲಿ ಅಂಚನ್ನು ಮಡಿಸಿ ಹೊಲಿಸಿದರೆ ಮಗು ಬೆಳೆದಂತೆ ಬಿಡಿಸಿಕೊಳ್ಳಬಹುದು.

ರೇಷ್ಮೆ ಸೀರೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಮ್ಮ ಸೀಮೆ ರೇಷ್ಮೆಯ ಸೀಮೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಶಿಡ್ಲಘಟ್ಟವೂ ಕೋಲಾರ ಜಿಲ್ಲೆಯಲ್ಲಿಯೇ ಇತ್ತು. ಹಿಪ್ಪುನೇರಳೆ ಬೆಳೆದ ರೈತನಿಗೆ ಗೊತ್ತು, ಒಂದು ಕಿಲೋ ನೂಲು ಬರಲು ಆರೇಳು ಕಿಲೋ ಗೂಡು ಬೇಕು. ಆದ್ದರಿಂದ ಅಪ್ಪಟ ರೇಷ್ಮೆಯೆಂದು ಹೇಳಿ ಮಣ್ಣಿನ ಬೆಲೆಗೆ ಮಾರುವವನನ್ನು ನಂಬಬಾರದು. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಅಂಚಿನ ಎರಡೆಳೆ ಕಿತ್ತು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಪ್ಪಟ ಜರಿ ಎಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ, ಅದಕ್ಕೆ ಬೆಲೆ ಹೆಚ್ಚು. ಅದು ಕೈಗೆಟುಕದಿದ್ದರೆ ಕೃತಕ ಜರಿಯ ಸೀರೆಯನ್ನು ಕೃತಕವೆಂದು ತಿಳಿದೇ, ಅದರ ಬೆಲೆಗೇ ಕೊಳ್ಳುವುದು ಜಾಣತನ. ಸೆರಗಿನ ಕುಚ್ಚನ್ನು ಮನೆಯ ಹೆಣ್ಣುಮಕ್ಕಳೇ ಕಟ್ಟಿದರೆ ಅದರಲ್ಲಿ ಉಳಿತಾಯವೂ ಉಂಟು, ಅಕ್ಕರೆಯೂ ಉಂಟು.

"ಜೀವನದಲ್ಲಿ ಒಂದೇ ಸಲ ಬರುವ ದಿನವಲ್ಲವೇ" ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಕೇಳುವುದು ನ್ಯಾಯವೇ. ಹಿರಿಯರು ಅವರನ್ನು ಗದರಿಸಬಾರದು. ಆಸೆಯನ್ನು ಹೀಯಾಳಿಸಿದರೆ ಮಗು ಮೌನವಾಗುತ್ತದೆ, ತಿಳಿವಳಿಕೆ ಬರುವುದಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮುಂದಿಡಿ. ಅವಳೇ ಅರಿತು ಆಯ್ದುಕೊಳ್ಳುತ್ತಾಳೆ. ಆದರೆ ಗಂಡಿನ ಕಡೆಯವರು "ಇಂಥ ಅಂಗಡಿಯದೇ ಆಗಬೇಕು, ಇಷ್ಟು ಬೆಲೆಯದೇ ಆಗಬೇಕು" ಎಂದು ಒತ್ತಾಯಿಸುವುದು ಬೇರೆ ಮಾತು. ಮದುವೆಯ ನೆಪದಲ್ಲಿ ಬೆಲೆಬಾಳುವ ವಸ್ತುಗಳನ್ನು ಬೇಡಿ ಪಡೆಯುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಅಪರಾಧ. ಹೆಸರು ಉಡುಗೊರೆಯೆಂದಾದ ಮಾತ್ರಕ್ಕೆ ಬೇಡಿಕೆಯ ಗುಣ ಬದಲಾಗದು.

ಶರಣ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗವನ್ನು ಕೇಳದವರಾರು? ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚಿನ ಅಕ್ಕಿ ಆಯ್ದು ತಂದ ದಿನ, ಬೇಕಾದಷ್ಟಕ್ಕಿಂತ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದ ಗೃಹಿಣಿ ಆಕೆ. ಮನೆಯಲ್ಲಿ ಬಡತನವಿದ್ದರೂ ಮನಸ್ಸಿನಲ್ಲಿ ಬಡತನವಿರಲಿಲ್ಲ. ನಮ್ಮ ಕಾಲದಲ್ಲಿಯೂ ಮಾದರಿಗಳಿಗೆ ಕೊರತೆಯಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹದಲ್ಲಿ ವಧುವಿಗೆ ಸೀರೆ, ವರನಿಗೆ ಪಂಚೆ, ಮಾಂಗಲ್ಯ ಎಲ್ಲವೂ ಕ್ಷೇತ್ರದಿಂದಲೇ. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ಪದ್ಧತಿಯನ್ನು ತೋರಿಸಿ ಮಗ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಹಾಗೆಯೇ ನಡೆಸಿದರು. ಅಂಥ ಮದುವೆಗಳಲ್ಲಿ ಹೊಸಬಾಳು ಹೂಡಿದವರ ಸಂಸಾರಕ್ಕೆ ಯಾವ ಕಳೆ ಕಡಿಮೆಯಾಯಿತು?

ಇಲ್ಲಿ ಉಳ್ಳವರ ಹೊಣೆ ದೊಡ್ಡದು. ಊರಿನ ಸಾಹುಕಾರ ತನ್ನ ಮಗಳಿಗೆ ಲಕ್ಷದ ಉಡುಪು ಕೊಡಿಸಿದರೆ ಅವನಿಗೇನೂ ನಷ್ಟವಾಗದಿರಬಹುದು. ಆದರೆ ಅದನ್ನು ಕಂಡು ಕೂಲಿಯವನು ಸಾಲಕ್ಕೆ ಕೈಯೊಡ್ಡುತ್ತಾನೆ. ಉಳ್ಳವರು ತಮ್ಮ ಮನೆಯ ಮದುವೆಯನ್ನು ಹಿತಮಿತವಾಗಿ ಮಾಡಿ ತೋರಿಸಲಿ. ಒಮ್ಮೆ ಉಟ್ಟು ಇಟ್ಟಿರುವ ಒಳ್ಳೆಯ ಸೀರೆ, ಗೌನುಗಳನ್ನು ಒಗೆಸಿ, ಮಡಿಮಾಡಿ, ಬೇಕಾದವರಿಗೆ ಸದ್ದಿಲ್ಲದೆ ಒದಗಿಸಲಿ. ಪಡೆದವಳ ಹೆಸರು ನಾಲ್ಕು ಜನರ ಬಾಯಿಗೆ ಬೀಳದಂತೆ ಕೊಡುವುದೂ ದಾಸೋಹವೇ. ಊರಿನ ಮಹಿಳಾ ಸಂಘಗಳು ಒಂದು ಪೆಟ್ಟಿಗೆಯಿಟ್ಟು ಇಂತಹ ಉಡುಪುಗಳನ್ನು ಕೂಡಿಸಿದರೆ ಜಾತಿಮತವೆನ್ನದೆ ಎಲ್ಲರ ಮನೆಯ ಹೆಣ್ಣುಮಕ್ಕಳಿಗೂ ಅನುಕೂಲ.

ಬರುವ ಲಗ್ನದ ತಿಂಗಳುಗಳಲ್ಲಿ ಮಗಳ ಮದುವೆಗೆ ಬಟ್ಟೆ ತೆಗೆಯಲು ಹೊರಡುವ ತಂದೆತಾಯಿಗಳು ಈ ಮಾತುಗಳನ್ನು ಒಮ್ಮೆ ಮೆಲುಕು ಹಾಕಲಿ. ಆರತಿ ಬೆಳಗುವ ಹೊತ್ತಿನಲ್ಲಿ ಜನ ಹರಸುವುದು ಮದುಮಗಳನ್ನು; ಅವಳು ಉಟ್ಟ ಬಟ್ಟೆಯ ಬೆಲೆಚೀಟಿಯನ್ನಲ್ಲ. ಸಾಲದ ಹೊರೆಯಿಲ್ಲದ ಮನೆಯಿಂದ ಹೊರಟ ಹೆಣ್ಣುಮಕ್ಕಳು ಸೇರಿದ ಮನೆಯಲ್ಲಿ ನೆಮ್ಮದಿಯಿಂದ ಬಾಳಲಿ ಎಂದು ಹಾರೈಸುತ್ತೇವೆ.